ನಿಮಗಿದು ಗೊತ್ತೇ? ಬಕೆಟ್ಟಿನಲ್ಲೇ ಬಟಾಣಿ!

ಸಿ. ಬೆಳಗಲ್ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ಬಂತೆಂದರೆ 40 ಡಿಗ್ರಿ ದಾಟುತ್ತದೆ. ಮಾಳಿಗೆಯ ಮೇಲೆ ಬರಿಗಾಲಿಡುವಂತಿಲ್ಲ. ಬಟಾಣಿಯೋ ಚಳಿಯ ಕೂಸು. ಕರ್ನೂಲು ಸೀಮೆಯಲ್ಲಿ, ತುಂಗಭದ್ರೆಯ ಮಗ್ಗುಲಲ್ಲಿ ಅದನ್ನು ಬೆಳೆಯುವುದುಂಟೇ? ಉಂಟು! ಅದಕ್ಕೆ ಹೊಲವೂ ಬೇಡ, ಹಳೆಯದೊಂದು ಬಕೆಟ್ ಸಾಕು. ದೀಪಾವಳಿಯ ಹೊತ್ತಿಗೆ ಬಿತ್ತಿ, ಸಂಕ್ರಾಂತಿಯ ಹೊತ್ತಿಗೆ ಬಿಡಿಸಿ. ಈ ಎರಡು ಹಬ್ಬಗಳ ನಡುವೆ ಆ ಬಕೆಟ್ಟಿನೊಳಗೆ ಏನೇನು ನಡೆಯುತ್ತದೆ ಗೊತ್ತೇ? ಒಂದೊಂದಾಗಿ ಕೇಳಿ!

ಬೀಜದ ಬೆರಗು

ಬಟಾಣಿಗೆ ಎಷ್ಟು ಮಣ್ಣು ಬೇಕು ಗೊತ್ತೇ? ಒಂದು ಗೇಣು ಆಳ! ಅಷ್ಟೇ. ಬಣ್ಣದ ಖಾಲಿ ಬಕೆಟ್, ಎಣ್ಣೆ ಡಬ್ಬಿ, ಸಿಮೆಂಟ್ ಚೀಲ, ಏನಾದರೂ ನಡೆಯುತ್ತದೆ. ತಳದಲ್ಲಿ ನಾಲ್ಕು ತೂತು ಮಾತ್ರ ಮರೆಯಬೇಡಿ. 12 ಇಂಚು ಅಗಲದ ಕುಂಡದಲ್ಲಿ ಆರರಿಂದ ಎಂಟು ಬೀಜ ಆರಾಮವಾಗಿ ಸಂಸಾರ ಮಾಡುತ್ತವೆ. ಒಂದು ಇಂಚು ಆಳಕ್ಕೆ ಊರಿದರೆ ಸಾಕು.

ಫ್ರಿಜ್‌ನಲ್ಲಿ ಹಸಿರು ಹಸಿರಾದ ಬಟಾಣಿ ಪ್ಯಾಕೆಟ್ ಇದೆಯೇ? ಅದನ್ನು ಬಿತ್ತಿದರೆ ಎಷ್ಟು ಕಾದರೂ ಮೊಳೆಯುವುದಿಲ್ಲ. ಹೆಪ್ಪುಗಟ್ಟಿಸುವ ಮೊದಲೇ ಅದನ್ನು ಕುದಿನೀರಿನಲ್ಲಿ ಅದ್ದಿ ತೆಗೆದಿರುತ್ತಾರೆ. ನೋಡಲು ತಾಜಾ, ಒಳಗೆ ಜೀವವಿಲ್ಲ! ಬಿತ್ತಲು ಒಣಗಿದ ಇಡೀ ಕಾಳೇ ಆಗಬೇಕು.

ರಾತ್ರಿ ನೆನೆಹಾಕಿದ ಒಣ ಬಟಾಣಿ ಬೆಳಿಗ್ಗೆ ಪಾತ್ರೆ ತುಂಬಿ ನಿಲ್ಲುವುದನ್ನು ನೋಡಿದ್ದೀರಲ್ಲ? ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿಗೆ ಇದೇ ಆಟವಾಯಿತು. ಕಬ್ಬಿಣದ ಪಾತ್ರೆಗೆ ಬಟಾಣಿ, ನೀರು ತುಂಬಿ, ಮೇಲೆ ಭಾರ ಹೇರಿ ಕುಳಿತರು. ಉಬ್ಬಲು ಜಾಗ ಸಿಗದ ಕಾಳುಗಳು ಒಂದನ್ನೊಂದು ಒತ್ತಿಕೊಂಡು ಮೂಲೆಮೂಲೆಯಾದವು. ದುಂಡಗಿದ್ದದ್ದು ಹನ್ನೆರಡು ಮುಖದ ಗಟ್ಟಿಯಂತಾಯಿತು! 1727ರ ತಮ್ಮ ಪುಸ್ತಕದಲ್ಲಿ ಇದನ್ನು ಬರೆದಿಟ್ಟಿದ್ದಾರೆ.

ನಿಮಗಿಂತ ಬಟಾಣಿಯ ಜಾತಕ ಉದ್ದ! ಹೌದು, ನಂಬಿ. ಮನುಷ್ಯನ ವಂಶವಾಹಿ ಬರಹದಲ್ಲಿ ಸುಮಾರು 310 ಕೋಟಿ ಅಕ್ಷರಗಳಿವೆ. ಬಟಾಣಿಯದರಲ್ಲಿ ಸುಮಾರು 445 ಕೋಟಿ! ಅದನ್ನು ಓದಿ ಪ್ರಕಟಿಸಿದ್ದು 2019ರಲ್ಲಿ. ಅಷ್ಟುದ್ದದ ಬರಹವನ್ನು ಅದು ಬರೀ 14 ವರ್ಣತಂತುಗಳಲ್ಲಿ ಮಡಿಸಿಟ್ಟುಕೊಂಡಿದೆ. ನಮಗೆ 46 ಬೇಕು!

ಬೆಳೆಯುವ ಸಿರಿ ಮೊಳಕೆಯಲ್ಲಿ ಎನ್ನುತ್ತೇವೆ. ಬಟಾಣಿ ಮಾತ್ರ ತನ್ನ ಸಿರಿಯನ್ನು ಯಾರಿಗೂ ತೋರಿಸುವುದಿಲ್ಲ. ಹುರುಳಿ, ಅಲಸಂದೆ ಮೊಳೆತಾಗ ಎರಡು ಬೇಳೆಗಳೂ ಮಣ್ಣಿನಿಂದ ಮೇಲೆದ್ದು ಬರುತ್ತವೆ. ಬಟಾಣಿಯ ಬೇಳೆಗಳು ಮಣ್ಣಿನೊಳಗೇ ಅಡಗಿರುತ್ತವೆ. ಗುಬ್ಬಿ ಬಂದು ಕುಡಿ ಕಚ್ಚಿಕೊಂಡು ಹೋಯಿತೇ? ಅಳಬೇಡಿ. ಕೆಳಗಿನ ಗಂಟಿನಿಂದ ಇನ್ನೊಂದು ಕುಡಿ ಎದ್ದೀತು!

ಕೆಲವು ಬಟಾಣಿ ಬೀಜ ಒಣಗಿದಾಗ ದುಂಡಗೆ, ಕೆಲವು ಅಜ್ಜಿಯ ಕೆನ್ನೆಯಂತೆ ಸುಕ್ಕು. ಯಾವುದು ಸಿಹಿ? ಸುಕ್ಕಿನದೇ! ಸಕ್ಕರೆಯನ್ನು ಪಿಷ್ಟವಾಗಿಸುವ ಕೆಲಸದಲ್ಲಿ ಅದು ಸ್ವಲ್ಪ ಹಿಂದೆ. ಹಾಗಾಗಿ ಸಕ್ಕರೆ ಉಳಿಯುತ್ತದೆ, ಎಳೆಗಾಳಿನಲ್ಲಿ ನೀರೂ ಹೆಚ್ಚು. ಒಣಗಿದಾಗ ಆ ನೀರು ಹೋಗಿ ಸಿಪ್ಪೆ ಸುಕ್ಕುಗಟ್ಟುತ್ತದೆ. ಇದಕ್ಕೆ ಕಾರಣವಾದ ಜೀನ್ ಯಾವುದೆಂದು ತಿಳಿದದ್ದು 1990ರಲ್ಲಿ. ಮನೆ ಕುಂಡಕ್ಕೆ ಸುಕ್ಕುಬೀಜವನ್ನೇ ಆರಿಸಿ!

ಇದೊಂದು ಪತ್ತೇದಾರಿ ಕಥೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಯೋಗಶಾಲೆಯಲ್ಲಿ ಕತ್ತಲಲ್ಲಿಟ್ಟ ಬಟಾಣಿ ಸಸಿಗಳು ನೆಟ್ಟಗೆ ಬೆಳೆಯದೆ ಅಡ್ಡಡ್ಡ ಬೆಳೆದವು. ಕಳ್ಳ ಯಾರು? ದೀಪದ ಗ್ಯಾಸ್! ಅದರೊಳಗಿದ್ದ ಎಥಿಲೀನ್ ಎಂಬ ಅನಿಲವೇ ಇದಕ್ಕೆ ಕಾರಣ ಎಂದು 1901ರಲ್ಲಿ ನೆಲ್ಯೂಬೊವ್ ಎಂಬ ವಿಜ್ಞಾನಿ ಹಿಡಿದುಕೊಟ್ಟರು. ಮಾವು, ಬಾಳೆ ಹಣ್ಣಾಗುವುದೂ ಇದೇ ಅನಿಲದಿಂದ. ಮೊದಲು ಸುಳಿವು ಕೊಟ್ಟದ್ದು ಬಟಾಣಿ!

ಬೇರಿನ ಬುದ್ಧಿ

ಬಟಾಣಿ ಗಿಡದೊಳಗೆ ರಕ್ತದ ನೆಂಟನೊಬ್ಬ ಇದ್ದಾನೆ! ಬೇರಿನ ಮೇಲೆ ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ! ಅದು ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತ ಕೆಂಪಾಗಿಸುವ ಹಿಮೋಗ್ಲೋಬಿನ್ ಕುಲದ್ದೇ.

ಆ ಗಂಟುಗಳಲ್ಲಿ ಇರುವವರು ಯಾರು? ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳು. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕ ಇದೆ. ಗಿಡಕ್ಕೆ ಅದನ್ನು ನೇರವಾಗಿ ತಿನ್ನಲು ಬಾರದು. ಈ ಬಾಡಿಗೆದಾರರು ಅದನ್ನು ಹಿಡಿದು ಬೇಯಿಸಿ ಬಡಿಸುತ್ತಾರೆ, ಗಿಡ ಬದಲಿಗೆ ಸಕ್ಕರೆ ಕೊಡುತ್ತದೆ. ನಿಮ್ಮ ಬಕೆಟ್ಟಿನಲ್ಲೇ ಒಂದು ಗೊಬ್ಬರದ ಕಾರ್ಖಾನೆ!

ಬೇಗ ಬೆಳೆಯಲಿ ಎಂದು ಯೂರಿಯಾ ಸುರಿಯುತ್ತೀರಾ? ಸುರಿದರೆ ಕೆಟ್ಟಿತು! ಮಣ್ಣಿನಲ್ಲಿ ಸಾರಜನಕ ಪುಕ್ಕಟೆಯಾಗಿ ಸಿಕ್ಕರೆ ಬೇರು ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಎಲೆ ಸೊಂಪಾಗುತ್ತದೆ, ಕಾಯಿ ಕಾಣೆಯಾಗುತ್ತದೆ. ಕೆಮ್ಮಣ್ಣು, ಎರೆಗೊಬ್ಬರ, ಒಂದಿಷ್ಟು ತೆಂಗಿನ ನಾರಿನ ಪುಡಿ, ಇಷ್ಟೇ ಅದರ ಊಟ.

ಬಟಾಣಿ ಜೂಜಾಡುತ್ತದೆ! ನಗಬೇಡಿ. 2016ರಲ್ಲಿ ಪ್ರಕಟವಾದ ಪ್ರಯೋಗವಿದು. ಒಂದೇ ಗಿಡದ ಬೇರನ್ನು ಇಬ್ಭಾಗ ಮಾಡಿ ಎರಡು ಕುಂಡಗಳಲ್ಲಿ ಇಳಿಬಿಟ್ಟರು. ಒಂದರಲ್ಲಿ ಗೊಬ್ಬರ ದಿನವೂ ಒಂದೇ ಸಮ. ಇನ್ನೊಂದರಲ್ಲಿ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಊಟ ಧಾರಾಳವಾಗಿದ್ದಾಗ ಗಿಡ ಒಂದೇ ಸಮದ ಕುಂಡದಲ್ಲಿ ಬೇರು ಬೆಳೆಸಿತು. ಊಟಕ್ಕೇ ತತ್ವಾರವಾದಾಗ? ಏರಿಳಿತದ ಕುಂಡಕ್ಕೆ ಪಣ ಕಟ್ಟಿತು! ಮಿದುಳೇ ಇಲ್ಲದ ಗಿಡದ ಲೆಕ್ಕಾಚಾರ ನೋಡಿ.

ಇನ್ನೂ ಒಂದಿದೆ. ಬೇರು ನೀರಿನ ಸದ್ದು ಕೇಳಿಸಿಕೊಳ್ಳುತ್ತದಂತೆ! ಆಸ್ಟ್ರೇಲಿಯಾದ ವಿಜ್ಞಾನಿಗಳು ಬಟಾಣಿ ಸಸಿಯನ್ನು ಕವಲೊಡೆದ ಕುಂಡದಲ್ಲಿಟ್ಟರು. ಒಂದು ಕವಲಿನ ಕೆಳಗೆ ಮುಚ್ಚಿದ ಕೊಳವೆಯಲ್ಲಿ ನೀರು ಹರಿಯುತ್ತಿತ್ತು. ಹನಿ ತೇವವೂ ಹೊರಗೆ ಬಾರದು, ಸದ್ದು ಮಾತ್ರ. ಬೇರುಗಳು ಸದ್ದಿನ ಕಡೆಗೇ ಹೊರಟವು ಎಂದು 2017ರಲ್ಲಿ ವರದಿ ಮಾಡಿದರು. ತುಂಗಭದ್ರೆಯ ಸದ್ದು ಕೇಳುವ ಊರಿನ ಬಟಾಣಿ ಏನು ಮಾಡೀತೋ!

ಬಳ್ಳಿಯ ಕೈ

ಬಟಾಣಿಯ ತುದಿಯಲ್ಲಿ ದಾರದಂತೆ ಸುರುಳಿ ಸುತ್ತುವ ಕುಡಿಬಳ್ಳಿ ನೋಡಿದ್ದೀರಾ? ಅದು ಬಳ್ಳಿಯೇ ಅಲ್ಲ, ಎಲೆ! ಎಲೆಯ ತುದಿಯ ಕಿರು ಎಲೆಗಳೇ ದಾರವಾಗಿ ಮಾರ್ಪಟ್ಟಿವೆ. ಆಸರೆ ಸಿಗುವ ತನಕ ಅದು ಗಾಳಿಯಲ್ಲಿ ಮೆಲ್ಲಗೆ ಸುತ್ತು ಹೊಡೆಯುತ್ತಾ ಹುಡುಕುತ್ತದೆ. ಕತ್ತಲೆಯಲ್ಲಿ ಗೋಡೆ ತಡಕುವ ಕೈಯ ಹಾಗೆ! ಹತ್ತುಬಳ್ಳಿಗಳ ಈ ಓಡಾಟದ ಬಗ್ಗೆ ಚಾರ್ಲ್ಸ್ ಡಾರ್ವಿನ್ 1865ರಲ್ಲಿ ದೊಡ್ಡ ಪ್ರಬಂಧವನ್ನೇ ಬರೆದರು.

ಆ ಪುಟ್ಟ ಕೈಗೆ ದಪ್ಪ ಬಿದಿರು ಹಿಡಿಯಲು ಆಗುವುದಿಲ್ಲ. ತೆಳ್ಳಗಿನ ಕಡ್ಡಿಯೇ ಬೇಕು. ಆದವಾನಿ ಸೀಮೆಯವರು ಅದಕ್ಕಾಗಿ ಅಂಗಡಿಗೆ ಹೋಗಬೇಕಿಲ್ಲ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿಯುವ ಕಟ್ಟಿಗೆ ಇದೆಯಲ್ಲ? ಕವಲು ಕವಲಾಗಿ, ಬೆರಳಿಗಿಂತ ತೆಳ್ಳಗೆ. ಬಟಾಣಿಗೆ ಹೇಳಿ ಮಾಡಿಸಿದ ಏಣಿ!

ಕುಡಿ ಚಿವುಟಿ ತಿನ್ನಬಹುದು ಗೊತ್ತೇ? ಚೀನಾದಲ್ಲಿ ಬಟಾಣಿ ಕುಡಿಯೇ ಒಂದು ಸೊಪ್ಪು. ಬೆಳ್ಳುಳ್ಳಿ ಹಾಕಿ ಬಾಡಿಸಿ ತಿನ್ನುತ್ತಾರೆ. ಬಾಯಿಗಿಟ್ಟರೆ ಬಟಾಣಿಯದೇ ರುಚಿ. ಕಾಯಿ ಬಿಡುವವರೆಗೆ ಕಾಯಲಾರದವರಿಗೆ ಇದೇ ದಾರಿ!

ಬಟಾಣಿಗೆ ಹಸಿರು ಹೇನು ಹತ್ತುವುದುಂಟು. ಆ ಹೇನಿಗೆ ನಿಮ್ಮ ಉಸಿರು ಗೊತ್ತಾಗುತ್ತದೆ! ಆಡು, ದನ ಗಿಡಕ್ಕೆ ಬಾಯಿ ಹಾಕಿದರೆ ಹೇನೂ ಹೊಟ್ಟೆಗೆ ಹೋಗುತ್ತದಲ್ಲ? ಅದಕ್ಕೇ ಬೆಚ್ಚಗಿನ, ತೇವದ ಉಸಿರು ತಾಗಿದ ಕೂಡಲೇ ಕೈಬಿಟ್ಟು ನೆಲಕ್ಕೆ ಉದುರುತ್ತವೆ. 2010ರಲ್ಲಿ ಪತ್ತೆಯಾದ ಸಂಗತಿ. ಮೆಲ್ಲಗೆ ಊದಿ ನೋಡಿ!

ಅದೇ ಹೇನುಗಳಲ್ಲಿ ಕೆಂಪು ಬಣ್ಣದವೂ ಇವೆ. ಆ ಬಣ್ಣ ಎಲ್ಲಿಂದ ಬಂತು? ಶಿಲೀಂಧ್ರದಿಂದ ಕದ್ದದ್ದು! ಗಜ್ಜರಿಯಲ್ಲಿರುವ ಕೆರೊಟಿನಾಯ್ಡ್ ಜಾತಿಯ ಬಣ್ಣ ಮಾಡುವ ಜೀನ್‌ಗಳು ಬಹಳ ಹಿಂದೆ ಶಿಲೀಂಧ್ರದಿಂದ ಈ ಹೇನಿಗೆ ಸೇರಿಹೋಗಿವೆ. ಪ್ರಾಣಿಯೊಂದರಲ್ಲಿ ಹೀಗಾದದ್ದು ಮೊದಲು ಕಂಡದ್ದು ಇದರಲ್ಲೇ.

ಹೂವು ಕಾಯಾಗುವಾಗ

ಮಾಳಿಗೆಯ ಮೇಲೆ ದುಂಬಿಯೇ ಬರುವುದಿಲ್ಲವೇ? ಚಿಂತೆ ಬೇಡ. ಬಟಾಣಿ ಹೂವು ಅರಳುವ ಮೊದಲೇ ಒಳಗೊಳಗೇ ಮದುವೆ ಮುಗಿಸಿಕೊಂಡಿರುತ್ತದೆ! ಪುರೋಹಿತನೂ ಬೇಡ, ದಿಬ್ಬಣವೂ ಬೇಡ. ಒಂದೇ ಗಿಡವಿದ್ದರೂ ಕಾಯಿ ಖಂಡಿತ.

ಈ ಗುಟ್ಟುಮದುವೆಯೇ ಒಂದು ವಿಜ್ಞಾನವನ್ನು ಹುಟ್ಟಿಸಿತು. ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ ಬ್ರನೋ ಊರಿನ ಮಠದಲ್ಲಿ 1856ರಿಂದ 1863ರ ತನಕ ಬಟಾಣಿ ಬೆಳೆದರು. ಒಟ್ಟು ಸುಮಾರು 28,000 ಗಿಡ! ತೋಟದ ಜಾಗವೋ 35 ಮೀಟರ್ ಉದ್ದ, 7 ಮೀಟರ್ ಅಗಲ. ಬರೀ ಹಿತ್ತಲು!

ಮೆಂಡೆಲ್ ಕೂಡ ಕುಂಡದಲ್ಲಿ ಬಟಾಣಿ ಬೆಳೆದಿದ್ದರು! ಹೊರಗಿನ ತೋಟದಲ್ಲಿ ಕೀಟಗಳು ಪರಾಗ ಬೆರೆಸಿ ಲೆಕ್ಕ ಕೆಡಿಸಿದರೆ? ಅದನ್ನು ಪರೀಕ್ಷಿಸಲು ಹೂ ಬಿಡುವ ಕಾಲದಲ್ಲಿ ಕೆಲವು ಕುಂಡಗಳನ್ನು ಗಾಜಿನ ಮನೆಯೊಳಗೆ ಇಟ್ಟಿದ್ದರು. ನಿಮ್ಮ ಬಕೆಟ್ ಬಹಳ ದೊಡ್ಡ ಮನೆತನದ್ದು!

ಅವರು ಕಾಳು ಎಣಿಸಿದ ಪರಿ ನೋಡಿ. ಒಂದು ಪ್ರಯೋಗದಲ್ಲಿ 7,324 ಕಾಳು. ದುಂಡಗಿನವು 5,474, ಸುಕ್ಕಿನವು 1,850. ಭಾಗಿಸಿದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು! ಅನುವಂಶಿಕತೆಯ ಬಾಗಿಲು ತೆರೆದದ್ದು ಈ ಎಣಿಕೆಯಿಂದ. ಅಂದಹಾಗೆ, ಶಿಕ್ಷಕರ ಪರೀಕ್ಷೆಗೆ ಕೂತು ಪಾಸಾಗದೆ ಬಂದವರು ಇವರೇ. ಒಮ್ಮೆಯಲ್ಲ, ಎರಡು ಸಲ!

1866ರಲ್ಲಿ ಅಚ್ಚಾದ ಅವರ ಬರಹವನ್ನು ಲೋಕ ಸರಿಯಾಗಿ ಗಮನಿಸಿದ್ದು 1900ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 16 ವರ್ಷ ಆಗಿತ್ತು. ಅವರು ಆರಿಸಿಕೊಂಡ ಏಳು ಗುಣಗಳಲ್ಲಿ ಉಳಿದಿದ್ದ ಕೊನೆಯ ಮೂರರ ಜೀನ್‌ಗಳ ಗುಟ್ಟು ಬಿಚ್ಚಿದ್ದು ಯಾವಾಗ? 2025ರಲ್ಲಿ! ಒಂದು ಬಟಾಣಿ ಒಗಟು, ಒಂದೂವರೆ ಶತಮಾನದ ಮೇಲೆ ಉತ್ತರ.

ಬಟಾಣಿ ಹೂವಿಗೆ ಸೆಕೆ ಆಗದು. 30 ಡಿಗ್ರಿ ದಾಟಿದರೆ ಹೂ ಉದುರುತ್ತದೆ, ಕಾಯಿ ಜೊಳ್ಳಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಕರ್ನೂಲು 300 ಮೀಟರೂ ಇಲ್ಲ. ಅಲ್ಲಿ ಸಲೀಸು, ಇಲ್ಲಿ ಸಾಹಸ! ಆದರೆ ಹೊಲಕ್ಕಿಲ್ಲದ ಒಂದು ಅನುಕೂಲ ನಿಮಗಿದೆ. ಕುಂಡಕ್ಕೆ ಕಾಲಿದೆ! ಬೆಳಗಿನ ಎಳೆಬಿಸಿಲಿಗೆ ಇಡಿ, ಮಧ್ಯಾಹ್ನ ಗೋಡೆಯ ನೆರಳಿಗೆ ಎಳೆದುಕೊಳ್ಳಿ.

ಬಿಸಿಲು ತಾಳುವ ಬಟಾಣಿಯೂ ಬಂದಿದೆ! ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಚೈತ್ರ, ಅರ್ಕಾ ತಪಸ್, ಅರ್ಕಾ ಉತ್ತಮ್ ಎಂಬ ತಳಿಗಳನ್ನು ಕೊಟ್ಟಿದೆ. 35 ಡಿಗ್ರಿವರೆಗೂ ತಡೆದುಕೊಳ್ಳುತ್ತವೆ. ಅರ್ಕ ಎಂದರೇನು? ಸೂರ್ಯ! ಚಳಿಯ ಕೂಸಿಗೆ ಸೂರ್ಯನ ಹೆಸರು.

ಅದೇ ಸಂಸ್ಥೆಯ ಅರ್ಕಾ ಸಂಪೂರ್ಣ ತಳಿಯಲ್ಲಿ ಕಾಳು ಬಿಡಿಸುವ ಕೆಲಸವೇ ಇಲ್ಲ. ಸಿಪ್ಪೆ ಸಮೇತ ಕಾಯಿಯನ್ನೇ ಪಲ್ಯ ಮಾಡಬಹುದು. ಜಾಗ ಕಡಿಮೆಯೇ? ಹಾಗಾದರೆ ಅರ್ಕೆಲ್ ಎಂಬ ಗಿಡ್ಡ ತಳಿ ಇದೆ. ಮೊಣಕಾಲೆತ್ತರ ನಿಂತು ಬೇಗ ಕಾಯಿ ಕೊಡುತ್ತದೆ!

ಬಟಾಣಿಯ ಕಾಯಿ ಮೇಲೆ ಕಾಳುಹುಳ ಮೊಟ್ಟೆ ಇಟ್ಟರೆ ಗಿಡ ಸುಮ್ಮನಿರುತ್ತದೆಯೇ? ಕೆಲವು ತಳಿಗಳು ಸುಮ್ಮನಿರುವುದಿಲ್ಲ. ಮೊಟ್ಟೆಯ ಕೆಳಗೆ ಗಂಟಿನಂತೆ ಉಬ್ಬಿ, ಅದನ್ನು ಮೇಲಕ್ಕೆತ್ತಿ ಉರುಳಿಸಿಬಿಡುತ್ತವೆ! ಹುಳದ ಯಾವ ರಾಸಾಯನಿಕ ಇದಕ್ಕೆ ಕಾರಣವೆಂದು 2000ದಲ್ಲಿ ಗೊತ್ತಾಯಿತು. ಮೆಂಡೆಲ್‌ಗೂ ಈ ಕಾಳುಹುಳದ ಕಾಟ ತಪ್ಪಿರಲಿಲ್ಲ.

ಒಂದು ಕಾಯಿಯನ್ನು ಮೆಲ್ಲಗೆ ಎರಡು ಹೋಳಾಗಿ ಬಿಡಿಸಿ. ಕಾಳುಗಳನ್ನು ನೋಡಿ. ಒಂದು ಈ ಹೋಳಿಗೆ, ಮುಂದಿನದು ಆ ಹೋಳಿಗೆ, ಮತ್ತೊಂದು ಈ ಹೋಳಿಗೆ! ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ, ಒಂದು ಬಿಟ್ಟು ಒಂದು. ಇಷ್ಟು ದಿನ ಬಿಡಿಸಿದ್ದೀರಿ, ಗಮನಿಸಿದ್ದಿರಾ?

ತಟ್ಟೆಗೆ ಬಂದ ಮೇಲೆ

ತರಕಾರಿ ಎಂದು ತಿನ್ನುತ್ತೀರಲ್ಲ, ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬಟಾಣಿ ಕಾಯಿ ಒಂದು ಹಣ್ಣು! ಒಳಗಿನ ಕಾಳು ಬೀಜ. ನೂರು ಗ್ರಾಂ ಹಸಿ ಬಟಾಣಿಯಲ್ಲಿ ಸುಮಾರು 5 ಗ್ರಾಂ ಪ್ರೋಟೀನ್, ಜೊತೆಗೆ 40 ಮಿಲಿಗ್ರಾಂ ಸಿ ಜೀವಸತ್ವ.

ಗಿಡದಿಂದ ಕಿತ್ತ ಕ್ಷಣದಿಂದಲೇ ಬಟಾಣಿಯ ಸಿಹಿ ಇಳಿಯತೊಡಗುತ್ತದೆ. ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಸಂತೆಗೆ ಬರುವ ಹೊತ್ತಿಗೆ ಅರ್ಧ ರುಚಿ ದಾರಿಯಲ್ಲೇ ಖರ್ಚು! ಮಾಳಿಗೆಯಿಂದ ಒಲೆಗೆ ಹದಿನೈದು ಮೆಟ್ಟಿಲು. ನಿಮ್ಮ ಬಟಾಣಿಗೆ ಸಾಟಿ ಎಲ್ಲಿ?

ಹೆಪ್ಪುಗಟ್ಟಿಸಿದ ಆಹಾರವನ್ನು ಅಂಗಡಿಯಲ್ಲಿ ಮಾರಲು ಶುರುವಾದದ್ದು 1930ರ ಮಾರ್ಚ್‌ನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನಲ್ಲಿ. ಕ್ಲಾರೆನ್ಸ್ ಬರ್ಡ್ಸ್‌ಐ ತಂದ ಆ ಮೊದಲ ಸರಕಿನಲ್ಲೇ ಬಟಾಣಿಯೂ ಇತ್ತು!

ಫ್ರಾನ್ಸಿನ ಅರಮನೆಗೆ ಬಟಾಣಿಯ ಹುಚ್ಚು ಹಿಡಿದಿತ್ತು! 1660ರ ಜನವರಿಯಲ್ಲಿ ಇಟಲಿಯಿಂದ ಹಸಿ ಬಟಾಣಿ ಬಂದಾಗ 14ನೇ ಲೂಯಿಯ ಆಸ್ಥಾನ ಬೆರಗಾಯಿತು. 1696ರ ಹೊತ್ತಿಗೆ ರಾಜನ ಜೊತೆ ಊಟ ಮುಗಿಸಿ ಬಂದ ಹೆಂಗಸರು, ಮಲಗುವ ಮುಂಚೆ ಮನೆಯಲ್ಲಿ ಮತ್ತೊಂದು ಸುತ್ತು ಬಟಾಣಿ ತಿನ್ನುತ್ತಿದ್ದರಂತೆ!

ನಮ್ಮ ಕಥೆಗಳಲ್ಲಿ ಏಳು ಮಲ್ಲಿಗೆ ತೂಕದ ರಾಜಕುಮಾರಿ ಇದ್ದಾಳೆ. ಡೆನ್ಮಾರ್ಕಿನ ಆಂಡರ್ಸನ್ 1835ರಲ್ಲಿ ಬರೆದ ರಾಜಕುಮಾರಿ ಇನ್ನೂ ನಾಜೂಕು. ಇಪ್ಪತ್ತು ಹಾಸಿಗೆ, ಅದರ ಮೇಲೆ ಇಪ್ಪತ್ತು ಗರಿಯ ಮೆತ್ತೆ. ಎಲ್ಲದರ ಅಡಿಯಲ್ಲಿ ಒಂದೇ ಒಂದು ಬಟಾಣಿ. ರಾತ್ರಿಯಿಡೀ ನಿದ್ದೆಯಿಲ್ಲ!

ಬಟಾಣಿಗೂ ಪುಟಾಣಿಗೂ ಪ್ರಾಸ ಇದೆ, ಕುಲ ಬೇರೆ. ನಮ್ಮ ಉಗ್ಗಾಣಿಗೆ ಉದುರಿಸುವ ಪುಟಾಣಿ ಪುಡಿ ಹುರಿಗಡಲೆಯದು. ಕರ್ನೂಲಿನ ಎರೆಹೊಲದ ಕಡಲೆಯೇ ಅದರ ತಾಯಿ. ಬಟಾಣಿ, ಕಡಲೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಇಬ್ಬರೂ ಚಳಿಗಾಲದವರೇ!

ಹಸಿ ಬಟಾಣಿ ಬೆಳೆಯುವುದರಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ಆದರೂ ಒಣ ಹಳದಿ ಬಟಾಣಿಯನ್ನು ಕೆನಡಾ, ರಷ್ಯಾದಿಂದ ಹಡಗಿನಲ್ಲಿ ತರಿಸುತ್ತೇವೆ. ಮಸಾಲಪುರಿಯ ತಟ್ಟೆಯಲ್ಲಿರುವ ಕಾಳು ಸಾಗರ ದಾಟಿ ಬಂದಿರಬಹುದು!

ಚಂದದ ಬಣ್ಣ, ಘಮಘಮ ವಾಸನೆಯ ಸ್ವೀಟ್ ಪೀ ಎಂಬ ಹೂಗಿಡವೂ ಕುಂಡಕ್ಕೆ ಬರುತ್ತದೆ. ಹೆಸರು ಕೇಳಿ ಅದರ ಕಾಳು ತಿಂದೀರಿ, ಜೋಕೆ! ಅದು ವಿಷ. ಅಂಗಡಿಯ ಪೊಟ್ಟಣದಲ್ಲಿ ಗುಲಾಬಿ ಬಣ್ಣ ಬಳಿದ ಬಿತ್ತನೆ ಬೀಜವನ್ನೂ ಮಕ್ಕಳ ಕೈಗೆ ಕೊಡಬೇಡಿ. ಆ ಬಣ್ಣದಲ್ಲಿ ಔಷಧಿ ಇರುತ್ತದೆ.

ಇಂಗ್ಲೆಂಡಿನ ವಿಚಮ್ ಹಳ್ಳಿಯಲ್ಲಿ ಕೊಳವೆಯಿಂದ ಬಟಾಣಿ ಊದಿ ಗುರಿಗೆ ಹೊಡೆಯುವ ವಿಶ್ವ ಚಾಂಪಿಯನ್‌ಶಿಪ್ ಇದೆ! 1971ರಲ್ಲಿ ಶುರುವಾದದ್ದು. ನಮ್ಮ ಹುಡುಗರು ಕ್ಲಾಸಿನಲ್ಲಿ ಮಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆ.

ಕೊನೆಗೆ ಎಲ್ಲಕ್ಕಿಂತ ಎತ್ತರದ ಮಾಳಿಗೆ ತೋಟ! 2003ರಿಂದ 2005ರ ನಡುವೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಲಾಡಾ ಎಂಬ ಪುಟ್ಟ ಪೆಟ್ಟಿಗೆಯಲ್ಲಿ ರಷ್ಯನ್ನರು ಗಿಡ್ಡ ಬಟಾಣಿ ಬೆಳೆದರು. ಅಲ್ಲೇ ಬಿತ್ತಿ, ಅಲ್ಲೇ ಕಾಳು ಕಟ್ಟಿಸಿ, ಆ ಕಾಳನ್ನು ಮತ್ತೆ ಅಲ್ಲೇ ಬಿತ್ತಿ, ತಲೆಮಾರಿನ ಮೇಲೆ ತಲೆಮಾರು. ದಿನಕ್ಕೆ ಸುಮಾರು 16 ಸಲ ಭೂಮಿ ಸುತ್ತುವ ಕುಂಡ! ಅಲ್ಲಿ ಬೆಳೆದದ್ದು ಸಿ. ಬೆಳಗಲ್‌ನಲ್ಲಿ ಬೆಳೆಯದೇ?

ಕಾಯಿ ಮುಗಿದ ಮೇಲೆ ಗಿಡವನ್ನು ಬೇರುಸಮೇತ ಕಿತ್ತೆಸೆಯಬೇಡಿ. ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಿನಲ್ಲೇ ಕೊಳೆಯಲಿ. ಗಂಟುಗಳಲ್ಲಿ ಉಳಿದ ಸಾರಜನಕ ಮುಂದಿನ ಗಿಡಕ್ಕೆ ಬುತ್ತಿ. ಬೇಸಿಗೆಗೆ ಅದೇ ಬಕೆಟ್ಟಿನಲ್ಲಿ ಅಲಸಂದೆ ಹಾಕಿ. ಅದಕ್ಕೆ ನಮ್ಮ ಬಿಸಿಲೆಂದರೆ ಹಬ್ಬ!

ಹಾಂ, ಎಲ್ಲಾ ಕಾಯಿ ತಿಂದು ಮುಗಿಸಬೇಡಿ. ಎರಡು ಕಾಯಿ ಬಳ್ಳಿಯಲ್ಲೇ ಒಣಗಲಿ. ಹತ್ತು ಹನ್ನೆರಡು ಕಾಳು ಸಿಗುತ್ತವೆ. ಒಂದು ಚೀಟಿ ಬರೆದು ಡಬ್ಬಿಯಲ್ಲಿ ಹಾಕಿಡಿ: ಮುಂದಿನ ದೀಪಾವಳಿಗೆ!